ಬಶಿ ತಟ್ಟಿ ಎಲುಬಿನ ಹೆಸರು ಹೇಳಿದವನು

ನೀವು ನಂಬುವುದಿಲ್ಲ. ಪಂಥ ಕಟ್ಟುತ್ತೇನೆ, ನಂಬುವುದೇ ಇಲ್ಲ. ಅಂಕಲಿಯ ಚಂಪಕ್ಕ ತಾಟು, ಬಟ್ಟಲು, ಕಪ್ಪು-ಬಶಿ ಎಲ್ಲ ಬಿಟ್ಟು ತನ್ನ ಎರಡು ಅಂಗೈ ಜೋಡಿಸಿಕೊಂಡು ಅದರಲ್ಲೇ ಉಣ್ಣತೊಡಗಿದಳಲ್ಲ — ಕಾಗವಾಡ, ಅಥಣಿ, ರಾಯಬಾಗದ ಕಡೆಯಿಂದ ಹೆಣ್ಣುಮಕ್ಕಳು ಬಸ್ಸು ಹತ್ತಿ ಬಂದು ಆಕೆಯ ಕಾಲು ಮುಟ್ಟಿ ಹೋಗುತ್ತಿದ್ದರಲ್ಲ — ಅದು ವ್ರತವಲ್ಲ. ಯಾವ ಗುರುವೂ ಕೊಟ್ಟದ್ದಲ್ಲ. ಹಪ್ಪಳ ಲಟ್ಟಿಸುತ್ತಿದ್ದ ಏಳೆಂಟು ಹೆಂಗಸರು ನಗಲಿ ಎಂದು ನಾನು ಹೇಳಿದ ಒಂದು ಸುಳ್ಳು ಅದು.

ನಂಬಲಿಲ್ಲ ಅಲ್ಲವೇ? ಹೇಳಿದೆನಲ್ಲ.

ನಾನು ನಿಪ್ಪಾಣಿಯ ಬಾಳಪ್ಪ. ಬರೇ ಬಾಳಪ್ಪ ಎಂದು ಕೇಳಿದರೆ ಯಾರೂ ಮನೆ ತೋರಿಸುವುದಿಲ್ಲ. ಬಶಿ ಬಾಳಪ್ಪ ಅನ್ನಬೇಕು. ನಮ್ಮ ಕಡೆ ಚಹಾವನ್ನು ಕಪ್ಪಿನಿಂದ ಯಾರು ಕುಡಿಯುತ್ತಾರೆ? ಕಪ್ಪಿನ ಕೆಳಗಿನ ಬಶಿಗೆ ಸುರಿದುಕೊಂಡು ಸೊರ್ ಎಂದು ಎಳೆಯಬೇಕು, ಇಲ್ಲವಾದರೆ ಅದು ಚಹಾ ಅಲ್ಲ, ಕಷಾಯ. ಆ ಬಶಿ, ಕಪ್ಪು, ಉಪ್ಪಿನಕಾಯಿ ಬರಣಿ, ಹೂವಿನ ತಾಟು ಇವನ್ನೆಲ್ಲ ಹುಲ್ಲಿನಲ್ಲಿ ಸುತ್ತಿ ಬುಟ್ಟಿಗೆ ಹಾಕಿ ಚಿಕ್ಕೋಡಿ, ರಾಯಬಾಗ, ಅಥಣಿಯ ಸಂತೆಗಳಲ್ಲಿ ನಲವತ್ತು ವರ್ಷ ಹರವಿದವನು ನಾನು. ಎರಡು ತಾಟು ಒಂದಕ್ಕೊಂದು ಬಡಿದು, ಒಂದನ್ನು ಮೇಲೆ ಹಾರಿಸಿ, ಮೊಣಕೈ ಮೇಲೆ ಹಿಡಿದು ತೋರಿಸುತ್ತಿದ್ದೆ. ಅಂಥವನು ಮೂರು ತಾಲೂಕಿನಲ್ಲಿ ಇನ್ನೊಬ್ಬ ಇರಲಿಲ್ಲ. ಇದ್ದ ಎಂದು ಯಾರಾದರೂ ಹೇಳಿದರೆ ಅವನ ಹೆಸರು ಹೇಳಿಸಿರಿ ನೋಡೋಣ.

"ಗಂಡ ಹೆಂಡತಿ ಜಗಳಾಡಿದ್ರೂ ಒಡಿಯಂಗಿಲ್ಲ!" ಎಂದು ಕೂಗಿ ಒಬ್ಬನಿಗೆ ಒಂದು ಡಜನ್ ತಾಟು ದಾಟಿಸಿದ್ದೆ. ಮುಂದಿನ ಸಂತೆಗೆ ಚೂರುಗಳನ್ನು ಗಂಟು ಕಟ್ಟಿಕೊಂಡು ಬಂದ. "ನಾ ಜಗಳಕ್ಕ ಗ್ಯಾರಂಟಿ ಕೊಟ್ಟಿದ್ನಿ, ನೀವು ಕುಸ್ತಿ ಆಡೀರಿ" ಅಂದೆ. ಅವನೂ ನಕ್ಕ. ಚಿಕ್ಕೋಡಿಯ ಒಬ್ಬ ವಕೀಲರಿಗೆ, ಈ ಬರಣಿ ಕಿಟಕಿಯಲ್ಲಿಟ್ಟರೆ ಬೀಗರು ಬರುವ ಮುಂಚೆ ಸಿಳ್ಳು ಹೊಡೆಯುತ್ತದೆ ಎಂದು ಹೇಳಿ ಬಂದೆ. ಗಾಳಿ ಬೀಸಿತು, ಬರಣಿ ಸಿಳ್ಳು ಹಾಕಿತು, ಅದೇ ದಿನ ಅವರ ಅತ್ತೆ ಬಂದಿಳಿದಳು. ಆ ವಕೀಲರು ಸಾಯುವ ತನಕ ಬರಣಿಗೆ ಹೆದರುತ್ತಿದ್ದರು.

ಹೀಗೆ ಎಷ್ಟೋ. ಹೇಳುತ್ತ ಕೂತರೆ ನೀವು ನಗುತ್ತೀರಿ, ನಾನು ಇನ್ನೊಂದು ಹೇಳುತ್ತೇನೆ, ಹೇಳಬೇಕಾದದ್ದು ಹಾಗೇ ಉಳಿಯುತ್ತದೆ. ನಲವತ್ತು ವರ್ಷ ನಾನು ಅದನ್ನೇ ಮಾಡಿದ್ದು.

ಚಂಪಕ್ಕ ಜೈನರ ಮನೆಯ ಹೆಣ್ಣುಮಗಳು. ಗಂಡ ಇರಲಿಲ್ಲ. ಮಗ ಹೊಲ ನೋಡಿಕೊಳ್ಳುತ್ತಿದ್ದ. ಸೊಸೆ ಸುನಂದಾ ಕೊಲ್ಲಾಪುರದ ಕಡೆಯವಳು. ಎಂಬತ್ತರ ದಶಕದ ಆ ವರ್ಷಗಳಲ್ಲಿ ಊರಿಗೆ ಊರೇ ಸ್ಟೀಲಿಗೆ ಬಿದ್ದಿತ್ತು. ತಾಟು ಸ್ಟೀಲು, ಲೋಟ ಸ್ಟೀಲು, ಅದರ ಮೇಲೆ ಮಶಿನ್ನಿನಿಂದ ಹೆಸರು ಕೊರೆಸುವುದೇ ದೊಡ್ಡಸ್ತಿಕೆ. ನಿಪ್ಪಾಣಿ, ಅಥಣಿಯ ದೊಡ್ಡ ದೊಡ್ಡ ವಾಡೆಗಳಿಂದ ಅಜ್ಜಿಯರ ಕಾಲದ ಹೂವಿನ ತಾಟು, ಮುಚ್ಚಳದ ಬೋಗುಣಿ, ಹಾಲಿನ ಜಗ್ಗು ಎಲ್ಲ ಹೊರಗೆ ಬೀಳುತ್ತಿದ್ದವು. ಯಾರಿಗೂ ಬೇಡವಾಗಿದ್ದವು. ಚಂಪಕ್ಕನಿಗೆ ಬೇಕಿತ್ತು.

ಆಕೆಗೆ ಅವು ಇಟ್ಟು ನೋಡುವುದಕ್ಕಲ್ಲ. ಇದನ್ನು ಬರೆಯಲೇಬೇಕು, ಯಾಕೆಂದರೆ ನಾನು ಕಸಿದದ್ದು ಇದನ್ನೇ. ಗುಲಾಬಿ ಬಳ್ಳಿ ಸುತ್ತಿದ ತಾಟಿನಲ್ಲಿ ಜೋಳದ ರೊಟ್ಟಿ, ಅದರ ಪಕ್ಕದಲ್ಲಿ ಝುಣಕ. ಹಳದಿ ಹೂವಿನ ಬೋಗುಣಿಯಲ್ಲಿ ಅಂಬಲಿ. ಹಿಡಿಕೆಯ ತುದಿ ಮುರಿದ, ನೇರಳೆ ಹೂವಿನ ಜಗ್ಗಿನಲ್ಲಿ ಮಜ್ಜಿಗೆ. ಪಡಸಾಲೆಯ ಗೋಡೆಯಲ್ಲಿ ಜಾಳಿಗೆ ಬಾಗಿಲಿನ ಕಪಾಟು. ಒಂದೊಂದನ್ನೂ ತೆಗೆಯುವುದು, ಬಳಸುವುದು, ತೊಳೆಯುವುದು, ಒರೆಸುವುದು, ಮತ್ತೆ ಅದರ ಜಾಗದಲ್ಲೇ ಇಡುವುದು. "ಉಣ್ಣಲಾರದ ತಾಟಿಗಿ ಹೂವ ಯಾಕೋ ಬಾಳಪ್ಪ?" ಅನ್ನುತ್ತಿದ್ದಳು. ಆಕೆಯ ಸ್ವಂತ ಕಪ್ಪೊಂದಿತ್ತು. ಹೊರಗೆಲ್ಲ ಬರೇ ಬಿಳಿ. ಒಳಗೆ, ತಳದಲ್ಲಿ, ಒಂದೇ ಒಂದು ನೀಲಿ ಹೂವು. ಚಹಾ ಮುಗಿಯುತ್ತ ಬಂದಂತೆ ಅದು ಕೆಳಗಿನಿಂದ ಮೇಲೇಳುತ್ತಿತ್ತು. ಕೊನೆಯ ಗುಟುಕಿಗೆ ಆಕೆ ಒಂದು ಕ್ಷಣ ನಿಲ್ಲುತ್ತಿದ್ದಳು, ಹೂವಿನ ಮುಖ ನೋಡಿ, ಆಮೇಲೆ ಕುಡಿಯುತ್ತಿದ್ದಳು.

ಆ ಕಪ್ಪು ತಂದುಕೊಟ್ಟವನೂ ನಾನೇ.

ನಮ್ಮ ವ್ಯಾಪಾರದಲ್ಲಿ ಒಂದು ಪರೀಕ್ಷೆ ಇದೆ. ಕಪ್ಪಿನ ಅಂಚನ್ನು ಉಗುರಿನಿಂದ ತಟ್ಟಬೇಕು. ಗಟ್ಟಿ ಇದ್ದರೆ ಟಣ್ ಅನ್ನುತ್ತದೆ, ಕೂದಲೆಳೆಯಷ್ಟು ಬಿರುಕು ಇದ್ದರೂ ಬದ್ ಅನ್ನುತ್ತದೆ. ಕಣ್ಣು ಮೋಸ ಹೋಗುತ್ತದೆ, ಕಿವಿ ಹೋಗುವುದಿಲ್ಲ. ನನ್ನ ಕಿರುಬೆರಳ ಉಗುರು ಇದಕ್ಕೇ ಉದ್ದ ಬಿಟ್ಟದ್ದು. ಒಮ್ಮೆ ಚಂಪಕ್ಕನಿಗೆ ಅಂಟು ಹಚ್ಚಿ ಕೂಡಿಸಿದ ಮುಚ್ಚಳವೊಂದನ್ನು ಸಾಗಹಾಕಲು ನೋಡಿದೆ. ಆಕೆ ನೋಡಲೂ ಇಲ್ಲ. ಬೆರಳ ಗಿಣ್ಣಿನಿಂದ ಒಂದು ತಟ್ಟು ತಟ್ಟಿದಳು, ನೆರೆಯ ಹೆಂಗಸರ ಎದುರಿಗೇ ನಕ್ಕಳು.

"ಬಾಳಪ್ಪ, ನಿನ್ನ ಮಾತಿಗಿ ಬಿರುಕಿಲ್ಲ. ಮುಚ್ಚಳಕ್ಕ ಐತಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ನನ್ನ ಆಟದಲ್ಲಿ ನನ್ನನ್ನೇ ಸೋಲಿಸಿದವಳು ಆಕೆಯೊಬ್ಬಳೇ — ಅದು ಒಳಗೆ ಕೂತಿತ್ತು. ಸಣ್ಣ ಮುಳ್ಳು. ಮುಂದೆ ಆದದ್ದಕ್ಕೆ ಅದೇ ಕಾರಣ ಎಂದು ಹೇಳುತ್ತಿಲ್ಲ. ಕೂತಿತ್ತು, ಅಷ್ಟೇ.

ಅದು ಬೇಸಿಗೆ. ನಾನು ಹೋದಾಗ ಹೊತ್ತು ನೆತ್ತಿಗೆ ಬಂದಿತ್ತು. ಪಡಸಾಲೆಯಲ್ಲಿ ಹೆಂಗಸರು ಗುಂಪಾಗಿ ಕೂತು ಹಪ್ಪಳ ಲಟ್ಟಿಸುತ್ತಿದ್ದರು. ಚಂಪಕ್ಕ ಮಾತ್ರ ಕಪಾಟಿನ ಮುಂದೆ ಸುಮ್ಮನೆ ಕೂತಿದ್ದಳು. ಹಿಂದಿನ ದಿನ ಕೊಲ್ಲಾಪುರದ ಬೀಗರು, ಸುನಂದಾಳ ತಂದೆ, ಬಂದಿದ್ದರಂತೆ. ಹೂವಿನ ಕಪ್ಪಿನಲ್ಲಿ ಚಹಾ ಕೊಟ್ಟರೆ ಮುಟ್ಟಲಿಲ್ಲವಂತೆ. ಇಂಥ ಕಪ್ಪಿಗೆ ಎಲುಬು ಸುಟ್ಟ ಬೂದಿ ಕಲಸುತ್ತಾರೆ, ನಮ್ಮ ಧರ್ಮದವರು ಬಾಯಿಗೆ ಹಚ್ಚಬಾರದು, ಸ್ಟೀಲಿನ ಲೋಟ ಇದ್ದರೆ ಕೊಡಿರಿ ಅಂದರಂತೆ. ನೀರನ್ನು ಕೂಡ ಬಟ್ಟೆಯಲ್ಲಿ ಸೋಸದೆ ಕುಡಿಯದ ಮನೆ ಅದು. ಕಣ್ಣಿಗೆ ಕಾಣದ ಹುಳ ಸಾಯಬಾರದು ಎಂದು ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟದ ಹೆಂಗಸು ಆಕೆ.

"ಬಾಳಪ್ಪ, ಛಲೋ ಆತು ಬಂದಿ. ಒಂದು ಮಾತು ಕೇಳತೀನಿ, ಚ್ಯಾಷ್ಟಿ ಮಾಡಬ್ಯಾಡ. ಇದರಾಗ ಎಲುಬು ಐತೇನು?"

ಉತ್ತರ ನನಗೆ ಗೊತ್ತಿತ್ತು. ಎಲುಬಿನ ಬೂದಿ ಹಾಕಿದ ಕಪ್ಪುಗಳು ಇವೆ, ಇಲ್ಲವೆಂದಲ್ಲ. ಅವು ತೆಳ್ಳಗೆ, ಎಲೆಯ ಹಾಗೆ. ಬಿಸಿಲಿಗೆ ಹಿಡಿದರೆ ಆ ಕಡೆಯ ಬೆರಳಿನ ನೆರಳು ಈ ಕಡೆ ಕಾಣುತ್ತದೆ. ಚಂಪಕ್ಕನ ಕಪಾಟಿನಲ್ಲಿ ಅಂಥದ್ದು ಒಂದೂ ಇರಲಿಲ್ಲ. ಎಲ್ಲ ನನ್ನ ಚರ್ಮದಷ್ಟೇ ದಪ್ಪ, ಬರೇ ಮಣ್ಣು. "ಇಲ್ರಿ ಅಕ್ಕಾರ" — ಎರಡೇ ಮಾತು. ಎರಡೇ.

ಆದರೆ ಮಂದಿ ಇದ್ದರು. ಲಟ್ಟಣಿಗೆಗಳು ನಿಂತಿದ್ದವು. ಮಂದಿ ಕಂಡರೆ ನನ್ನ ನಾಲಗೆ ನನ್ನ ಮಾತು ಕೇಳುವುದಿಲ್ಲ.

"ಐತ್ರಿ ಅಕ್ಕಾರ," ಅಂದೆ. "ಆದ್ರ ಯಾವುದರಾಗ ಯಾರ ಎಲುಬು ಅನ್ನೂದು ಬೀಗರಿಗಿ ತಿಳಿಯಂಗಿಲ್ಲ. ನನ್ನ ಕಿವಿಗಿ ತಿಳೀತೈತಿ. ತರ್ರಿ ಇಲ್ಲೆ."

ಗುಲಾಬಿ ತಾಟು ಎತ್ತಿಕೊಂಡೆ. ಉಗುರಿನಿಂದ ತಟ್ಟಿ ಕಿವಿಗೆ ಹಿಡಿದೆ. "ಎತ್ತು."

"ಕೋಡ ಎಷ್ಟ ಉದ್ದ ಅದಾವ ಕೇಳೋ!" ಎಂದು ಒಬ್ಬಳು ಕೂಗಿದಳು. ನಗೆ.

ಜಗ್ಗು ತಟ್ಟಿದೆ. "ಕುದರಿ. ಕುಂಟ ಕುದರಿ."

"ಹಂಗಾರ ಅದು ನಮ್ಮ ಮಾವನ ಕುದರೀನ ತಗೋ!" ಮತ್ತೆ ನಗೆ. ಒಬ್ಬಳು ಹಿಟ್ಟಿನ ಕೈಯಿಂದ ಕಣ್ಣು ಒರೆಸಿಕೊಂಡಳು. ಬೋಗುಣಿ ತಟ್ಟಿದೆ — ಎಮ್ಮೆ. ಅದೂ ಹಾಲು ಕದಿಯುವ ಎಮ್ಮೆ. ಚಂಪಕ್ಕ ಮಾತ್ರ ನಗಲಿಲ್ಲ. ನಾನು ಒಂದೊಂದರ ಹೆಸರು ಹೇಳಿದಂತೆ ಆಕೆ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಬದಿಗೆ ಇಡುತ್ತಿದ್ದಳು. ಮೆಲ್ಲಗೆ. ಸದ್ದಾಗದ ಹಾಗೆ.

ಕೊನೆಗೆ ಆ ನೀಲಿ ಹೂವಿನ ಕಪ್ಪು.

ನಗಿಸುವವನಿಗೆ ಒಂದು ವಿದ್ಯೆ ಗೊತ್ತಿರಬೇಕು — ಎಲ್ಲಿ ಸುಮ್ಮನಾಗಬೇಕು ಎಂಬುದು. ನಾನು ಅದರಲ್ಲಿ ಗಟ್ಟಿಗ. ಕಪ್ಪು ತಟ್ಟಿದೆ. ಕಿವಿಗೆ ಹಿಡಿದೆ. ಮುಖದ ನಗೆ ತೆಗೆದೆ. ಇನ್ನೊಮ್ಮೆ ತಟ್ಟಿದೆ. ಕಪ್ಪನ್ನು ಕೆಳಗೆ ಇಟ್ಟುಬಿಟ್ಟೆ.

"ಯಾಕ ಸುಮ್ಮನಾದಿ?"

"ಬ್ಯಾಡ್ರಿ ಅಕ್ಕಾರ."

"ಹೇಳು."

"ಇದು ಪ್ರಾಣೀದಲ್ರಿ… ಸಣ್ಣ ಹುಡಿಗೀದು."

ನಗೆ ನಿಂತಿತು. ಹೊರಗೆ ಬಿಸಿಲು, ಒಳಗೆ ಯಾರೂ ಉಸಿರು ಬಿಡಲಿಲ್ಲ. ಹಪ್ಪಳದ ಮೇಲೆ ನೊಣ ಕೂತದ್ದು ಕೇಳಿಸುವಷ್ಟು ಮೌನ. ಈಗ ನಾನು ನಗಬೇಕಾಗಿತ್ತು. "ಹೆದರಿದ್ರೇನ್ರಿ!" ಎಂದು ತೊಡೆ ತಟ್ಟಿ ನಗಬೇಕಾಗಿತ್ತು — ಬಾಯಿ ತೆರೆದೂ ಇದ್ದೆ. ಆದರೆ ಅಂಥ ಮೌನವನ್ನು ಅಲ್ಲಿಯ ತನಕ ಯಾವ ಸಂತೆಯೂ ನನಗೆ ಕೊಟ್ಟಿರಲಿಲ್ಲ. ನಗೆಗಿಂತ ರುಚಿ ಅದು. ಇನ್ನೊಂದು ಕ್ಷಣ ಇರಲಿ ಅಂದುಕೊಂಡೆ. ಇನ್ನೊಂದೇ.

ಅಷ್ಟರಲ್ಲಿ ಚಂಪಕ್ಕ ಆ ಕಪ್ಪನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ತೊಟ್ಟಿಲಿನಿಂದ ಎತ್ತಿದ ಹಾಗೆ.

"ಎಷ್ಟ ವರ್ಷದ್ದು?"

"ಐದು," ಅಂದೆ.

ಐದು ಯಾಕೆ ಅಂದೆ? ಬಾಯಿಗೆ ಬಂತು, ಅಂದೆ — ಹೀಗೆ ಬರೆದು ಮುಂದೆ ಹೋಗಬಹುದು. ಬೇಡ. ನನಗೊಬ್ಬ ಮಗಳಿದ್ದಳು, ಕಸ್ತೂರಿ. ಐದು ವರ್ಷಕ್ಕೆ, ಮೂರು ದಿನದ ಜ್ವರದಲ್ಲಿ ಹೋದಳು. ಅದಾದ ಮೇಲೆ ನನ್ನ ಮನೆಯಲ್ಲಿ ಯಾರೂ ಆಕೆಯ ಹೆಸರು ಎತ್ತಲಿಲ್ಲ. ಎತ್ತಲು ನಾನು ಬಿಡಲಿಲ್ಲ. ಯಾರಾದರೂ ಆ ಕಡೆ ಮಾತು ತಿರುಗಿಸಿದರೆ ನಾನೊಂದು ಚೇಷ್ಟೆ ಮಾಡುತ್ತಿದ್ದೆ. ಅಂಕಲಿಯಲ್ಲಿ ಒಂದು ಪಿಳ್ಳೆಗೂ ಅದು ಗೊತ್ತಿರಲಿಲ್ಲ. ನನ್ನ ಸತ್ತ ಮಗಳನ್ನು ಆಚೆ ತೆಗೆದು ಆ ಹೆಂಗಸಿನ ಕಪ್ಪಿನಲ್ಲಿ ಹಾಕಿದೆ — ನಾಕು ಮಂದಿ ಬೆರಗಾಗಲಿ ಎಂದು.

ಬುಟ್ಟಿ ಎತ್ತಿಕೊಂಡು ಹೊರಟೆ. ರಾಯಬಾಗದ ಚಹಾದಂಗಡಿಯಲ್ಲಿ ಸಂಜೆ ಇದನ್ನೇ ರಂಗು ಹಚ್ಚಿ ಹೇಳಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಒಂದು ತಿಂಗಳ ಮೇಲೆ ಮತ್ತೆ ಅಂಕಲಿಗೆ ಹೋದೆ. ಆಕೆ ಎಲ್ಲವನ್ನೂ ಬೀದಿಗೆ ಎಸೆದಿರುತ್ತಾಳೆ, ಆರಿಸಿಕೊಂಡು ಬರೋಣ — ಹೌದು, ಹಾಗೂ ಅಂದುಕೊಂಡಿದ್ದೆ. ಕಪಾಟು ತುಂಬಿತ್ತು. ಆದರೆ ಎಲ್ಲ ತಾಟುಗಳು ಗೋಡೆಗೆ ಮುಖ ಮಾಡಿ ನಿಂತಿದ್ದವು. ಕಪ್ಪುಗಳು ಬೋರಲು. ಒಂದು ಹೂವೂ ಕಾಣುತ್ತಿರಲಿಲ್ಲ. ಬಾಗಿಲು ತೆರೆದಿದ್ದರೂ ಆ ಕಪಾಟು ಕಣ್ಣು ಮುಚ್ಚಿಕೊಂಡ ಹಾಗೆ ಇತ್ತು.

ಚಂಪಕ್ಕ ಉಣ್ಣುತ್ತಿದ್ದಳು. ಸೊಸೆ ಎದುರಿಗೆ ಕೂತು ಆಕೆಯ ಜೋಡಿಸಿದ ಅಂಗೈಗೆ ರೊಟ್ಟಿಯ ಚೂರು, ಪಲ್ಯ ಇಡುತ್ತಿದ್ದಳು. ಆಕೆ ಬಾಗಿ ಬಾಯಿಗೆ ತೆಗೆದುಕೊಳ್ಳುತ್ತಿದ್ದಳು. ಮುನಿಗಳು ಹೀಗೆ ಅಂಗೈಯಲ್ಲಿ ಆಹಾರ ತೆಗೆದುಕೊಳ್ಳುವುದನ್ನು ನೋಡಿಕೊಂಡೇ ಬೆಳೆದ ಮನೆತನ ಅದು. ಆದರೆ ಮನೆಯಲ್ಲಿರುವ ಹೆಂಗಸು, ಸೆರಗು ಹೊದ್ದುಕೊಂಡು, ಒಲೆಯ ಪಕ್ಕದಲ್ಲಿ —

"ಏನ್ರಿ ಅಕ್ಕಾರ ಇದು? ಸ್ಟೀಲಿನ ತಾಟ ಇಲ್ಲೇನು?"

"ಸ್ಟೀಲಿನಾಗ ಏನ ಹಾಕ್ಯಾರ, ನೀ ನೋಡಿ ಬಂದೀಯೇನು?" ಅಂದಳು. ಸಿಟ್ಟಿಲ್ಲ, ತೀರ ಸಾದಾ ದನಿ. "ಅಡಗೀ ನಮ್ಮ ಕುಂಬಾರನ ಗಡಿಗ್ಯಾಗ ಆಗತೈತಿ, ಆ ಮಣ್ಣ ಅಗಿಯೂದು ನಾ ನೋಡೀನಿ. ಮಿಕ್ಕದ್ದು ಯಾವುದೂ ನನಗ ಗೊತ್ತಿಲ್ಲ. ಇಷ್ಟ ವರ್ಷ ಗೊತ್ತೈತಿ ಅಂದ್ಕೊಂಡು ಉಂಡೆ." ಎರಡೂ ಅಂಗೈ ನನ್ನ ಕಡೆ ಚಾಚಿದಳು. ಬಿಸಿ ಅಂಬಲಿ ಬಿದ್ದು ಕೆಂಪಾಗಿದ್ದವು. "ಇದರಾಗೂ ಎಲುಬ ಐತಿ, ಬಾಳಪ್ಪ. ಆದ್ರ ಇದು ನಂದು. ಇದರ ಪಾಪ ನಂದ."

"ಅವನ್ನ ಎಲ್ಲಾ ಒಗದ ಬಿಡ್ರಿ ಮತ್ತ."

"ಹೆಂಗ ಒಗೀಲಿ? ನೀನ ಹೇಳೀಯಲ್ಲ, ಯಾರ್ಯಾರು ಅದಾರ ಅಂತ."

ಹೌದಲ್ಲ. ಎಸೆಯುವಂತಿಲ್ಲ, ಒಡೆಯುವಂತಿಲ್ಲ, ಬೇರೆಯವರಿಗೆ ಕೊಟ್ಟರೆ ಅವರು ಉಂಡಾರು. ದಿನಾ ಮುಂಜಾನೆ ತೊಳೆದು, ಒರೆಸಿ, ಒಂದೊಂದನ್ನೂ ಬೆರಳಿನ ಗಿಣ್ಣಿನಿಂದ ಮೆಲ್ಲಗೆ ತಟ್ಟಿ ಇಡುತ್ತಿದ್ದಳಂತೆ. ಸುನಂದಾ ಹಿತ್ತಲಿಗೆ ಬಂದು ನನಗೆ ಹೇಳಿದಳು: "ಅತ್ತಿ ಅವಕ್ಕ ಮಾತಾಡಸತಾರ್ರಿ ಮಾಮಾ. ಎದ್ದೀರೇನು ಅಂತ ಕೇಳತಾರ."

ಎರಡು ಅಂಗೈಯಲ್ಲಿ ಎಷ್ಟು ಹಿಡಿದೀತು? ಚಂಪಕ್ಕ ಸೊರಗಿದಳು. ಚಹಾ ಬಿಟ್ಟಳು. ಇದನ್ನು ವ್ರತ ಎಂದು ಆಕೆ ಯಾರಿಗೂ ಹೇಳಲಿಲ್ಲ. ಊರು ತಾನೇ ಹೇಳಿಕೊಂಡಿತು. ಮೊದಲು ಓಣಿಯವರು ಬಂದರು, ಆಮೇಲೆ ಬೇರೆ ಊರಿನವರು. ಕಾಲು ಮುಟ್ಟಿದರು. "ಮುಟ್ಟಬ್ಯಾಡ್ರೇ ಯವ್ವಾ, ನಾ ಏನೂ ಮಾಡಿಲ್ಲ" ಎಂದು ಆಕೆ ಕಾಲು ಎಳೆದುಕೊಂಡಷ್ಟೂ, ನೋಡು ಎಷ್ಟು ವಿನಯ ಅಂದರು. ಅವತ್ತು ಹಪ್ಪಳ ಲಟ್ಟಿಸಿದ ಹೆಂಗಸರು? ಕುಂಟ ಕುದುರೆಯನ್ನು ಅವರು ಮರೆತರು. ಆ ಕಪ್ಪನ್ನು ಮಾತ್ರ ಮರೆಯಲಿಲ್ಲ. ಬಾಳಪ್ಪನ ಕಿವಿ ಎಂಥಾದ್ದು ಎಂದು ಹೋದಲ್ಲೆಲ್ಲ ಹೇಳಿದರು. ನನಗೂ ಪಾಲು ಬಂತು ಮರ್ಯಾದೆಯಲ್ಲಿ. ತೆಗೆದುಕೊಂಡೆ.

ಹೇಳಬೇಕೆಂದು ಎಷ್ಟು ಸಲ ಹೋಗಿಲ್ಲ! ಮಂದಿ ಇರುತ್ತಿದ್ದರು. ಮಂದಿ ಇಲ್ಲದಾಗ ಸುನಂದಾ ಇರುತ್ತಿದ್ದಳು. ಸುನಂದಾ ಇಲ್ಲದಾಗ — ಮುಂದಿನ ಸಲ ಅಂದುಕೊಳ್ಳುತ್ತಿದ್ದೆ. ಈ ನಡುವೆ ನನಗೊಂದು ರೋಗ ಹತ್ತಿತು. ಸಂತೆಯಲ್ಲಿ ಹೊಸ ಕಪ್ಪು ತಟ್ಟುತ್ತಿದ್ದೆನಲ್ಲ, ತಟ್ಟಿ ಕಿವಿಯ ಹತ್ತಿರವೇ ಹಿಡಿದುಬಿಡುತ್ತಿದ್ದೆ. "ಮಾಮಾ, ಫೋನ್ ಬಂತೇನು?" ಎಂದು ಗಿರಾಕಿಗಳು ನಗುತ್ತಿದ್ದರು. ಟಣ್ ಅನ್ನುವುದು ಎಲ್ಲರಿಗೂ ಕೇಳುತ್ತದೆ. ಆ ಸದ್ದು ಮುಗಿದ ಮೇಲೆ, ಅದರ ಬಾಲದಲ್ಲಿ, ತೀರ ಸಣ್ಣಗೆ ಇನ್ನೊಂದು ಇರುತ್ತದೆ. ಮೊದಲು ಇರಲಿಲ್ಲ. ಅಥವಾ ನಾನು ಕೇಳಿರಲಿಲ್ಲ.

ಎರಡು ವರ್ಷ ಹೀಗೆ ಕಳೆದವು. ಕೊನೆಗೆ ಕೊಲ್ಲಾಪುರಕ್ಕೆ ಹೋಗಿ, ಹುಡುಕಿ, ನಿಜವಾಗಿ ಎಲುಬಿನ ಬೂದಿ ಹಾಕಿದ ಒಂದು ಬಶಿ ಹಿಡಿದು ತಂದೆ. ಬಿಸಿಲಿಗೆ ಹಿಡಿದರೆ ನನ್ನ ನಾಕು ಬೆರಳೂ ಆಚೆ ಕಾಣುತ್ತಿದ್ದವು. ಇದನ್ನು ಚಂಪಕ್ಕನ ಕೈಗೆ ಕೊಟ್ಟು, ನೋಡಿರಿ, ಎಲುಬು ಇದ್ದರೆ ಹೀಗಿರುತ್ತದೆ, ನಿಮ್ಮವನ್ನೆಲ್ಲ ಒಂದೊಂದಾಗಿ ಹಿಡಿದು ನೋಡಿರಿ ಅನ್ನಬೇಕು. ಮಾತು ಬೇಕಾಗಿಲ್ಲ, ಬಿಸಿಲು ಸಾಕು.

ನಡುಮಧ್ಯಾಹ್ನ ತಲುಪಿದೆ. ಪಡಸಾಲೆಯಲ್ಲಿ ಆಕೆ ಒಬ್ಬಳೇ. ಮಡಿಲಲ್ಲಿ ಆ ನೀಲಿ ಹೂವಿನ ಕಪ್ಪು.

"ಬಾ ಬಾಳಪ್ಪ. ನಿನಗ ಹೇಳಬೇಕಂತ ದಾರಿ ಕಾಯಾಕತ್ತಿದ್ನಿ. ಬ್ಯಾರೆಯವರಿಗಿ ಹೇಳಿದ್ರ ನಂಬಂಗಿಲ್ಲ. ನಿನ್ನ ಕಿವಿ ಇದಕ್ಕ ಪಳಗೇತಿ." ದನಿ ತಗ್ಗಿಸಿದಳು. "ದಿನಾ ತಟ್ಟಿ ತಟ್ಟಿ ನನಗೂ ಸ್ವಲ್ಪ ಸ್ವಲ್ಪ ತಿಳಿಯಾಕತ್ತೈತಿ. ಈ ಹುಡಿಗಿ ಐತಲ್ಲ… ಅಕಿ ಎಡಚಿ ಇದ್ದಳು."

ಕೈಚೀಲದೊಳಗೆ ನನ್ನ ಕೈ ಆ ಬಶಿಯ ಮೇಲಿತ್ತು. ಅಲ್ಲೇ ನಿಂತಿತು.

"ಬಲಗೈಯಾಗ ಹಿಡದ್ರ ತಣ್ಣಗ ಇರತೈತಿ. ಎಡಗೈಗಿ ತಗೊಂಡ್ರ ಬೆಚ್ಚಗ. ನೀನ ನೋಡು."

ಕಸ್ತೂರಿ ಎಡಗೈಯಲ್ಲಿ ಉಣ್ಣುತ್ತಿದ್ದಳು. ಆಕೆಯ ತಾಯಿ ಕೈ ಮೇಲೆ ಹೊಡೆದು ಹೊಡೆದು ಸೋತಿದ್ದಳು. ಬಲಗೈಗೆ ತುತ್ತು ಕೊಟ್ಟರೆ ಅದನ್ನು ಎಡಗೈಗೆ ದಾಟಿಸಿಕೊಂಡು, ನನ್ನ ಕಡೆ ನೋಡಿ ನಗುತ್ತಿದ್ದಳು — ಆ ನಗೆ ನನ್ನದೇ. ಇದನ್ನು ನಾನು ಚಂಪಕ್ಕನಿಗೆ ಹೇಳಿರಲಿಲ್ಲ. ಯಾರಿಗೂ ಹೇಳಿರಲಿಲ್ಲ.

ಕಪ್ಪು ತೆಗೆದುಕೊಂಡೆ. ಬಲಗೈಯಲ್ಲಿ ಹಿಡಿದೆ. ಬಾವಿಯ ಕಲ್ಲಿನ ಹಾಗೆ ತಣ್ಣಗಿತ್ತು. ಎಡಗೈಗೆ ದಾಟಿಸಿದೆ.

ಬೆಚ್ಚಗಿತ್ತು. ಬಿಸಿಲು ಆ ಕಡೆ ಇತ್ತೇ ಎಂದು ನೋಡಿದೆ. ಇರಲಿಲ್ಲ. ಆಕೆಯ ಮಡಿಲ ಕಾವು ಎಂದು ಹೇಳೋಣವೆಂದರೆ, ಬಲಗೈಗೆ ಯಾಕೆ ಸಿಗಲಿಲ್ಲ? ಮತ್ತೆ ಬಲಗೈಗೆ. ಮತ್ತೆ ಎಡಗೈಗೆ. ಚಂಪಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು.

"ಹೌದೋ ಅಲ್ಲೋ?"

ಹೌದು ಎಂದು ತಲೆಯಾಡಿಸಿದೆ. ಆಮೇಲೆ ಹೇಳಿದೆ. "ಅಕ್ಕಾರ, ಅದೆಲ್ಲಾ ಸುಳ್ಳರಿ. ಎತ್ತೂ ಇಲ್ಲ, ಕುದರೀನೂ ಇಲ್ಲ. ಮಂದಿ ನಗಲಿ ಅಂತ ಅಂದ್ನಿ. ಆ ಹುಡಿಗಿ ನನ್ನ ಮಗಳ್ರಿ." ಕೊಲ್ಲಾಪುರದ ಬಶಿ ಬಿಸಿಲಿಗೆ ಹಿಡಿದು ತೋರಿಸಿದೆ. ಆಕೆ ಬೈಯಲಿಲ್ಲ, ಅಳಲಿಲ್ಲ. ಎದ್ದು ಒಳಗೆ ಹೋಗಿ ಚಹಾ ಕುದಿಸಿ ತಂದಳು. ಆ ನೀಲಿ ಹೂವಿನ ಕಪ್ಪಿಗೆ ಸುರಿದು, ನನ್ನೆದುರಿಗೇ ಕುಡಿದಳು. ಕೊನೆಯ ಗುಟುಕಿಗೆ ಹೂವಿನ ಮುಖ ನೋಡಿ ನಕ್ಕಳು.

ಇದಾಗಿ ಆರು ವರ್ಷಕ್ಕೆ ಚಂಪಕ್ಕ ತೀರಿಕೊಂಡಳು. ಸುನಂದಾ ಹೇಳಿ ಕಳಿಸಿದಳು: ಕಪಾಟು ಬರಿದು ಮಾಡಬೇಕು, ಬಂದು ಒಯ್ಯಿರಿ ಮಾಮಾ. ಹೋದೆ. ತಾಟುಗಳು ಗೋಡೆಗೆ ಮುಖ ಮಾಡಿಯೇ ನಿಂತಿದ್ದವು. ಒಂದರ ಮೇಲೂ ಧೂಳಿರಲಿಲ್ಲ. ಅಂಗಳಕ್ಕೆ ತಂದು ಒಂದೊಂದನ್ನೂ ಬಿಸಿಲಿಗೆ ಹಿಡಿದು ನೋಡಿದೆ, ಯಾವುದರಲ್ಲೂ ನನ್ನ ಬೆರಳು ಕಾಣಲಿಲ್ಲ. ಸುನಂದಾ ನೀಲಿ ಹೂವಿನ ಕಪ್ಪನ್ನು ಮಾತ್ರ ಕೊಡಲಿಲ್ಲ. ಬಿಳಿ ಬಟ್ಟೆಯಲ್ಲಿ ಸುತ್ತಿ ಎದೆಗೆ ಹಿಡಿದುಕೊಂಡಿದ್ದಳು.

"ಇದು ಇರಲಿ ಮಾಮಾ. ಅತ್ತಿ ಕಡೀತನಕ ಅಂಗೈಯಾಗ ಉಂಡ ಜೀವ. ನನ್ನ ಮಕ್ಕಳಿಗಿ ತೋರಸಾಕರ ಇದೊಂದು ಇರಲಿ."

ಹಿಡಿದಿರಲ್ಲ? ಕಡೆಯ ತನಕ ಅಂಗೈಯಲ್ಲಿ ಉಂಡವಳು ನನ್ನೆದುರಿಗೆ ಕಪ್ಪಿನಲ್ಲಿ ಚಹಾ ಕುಡಿದದ್ದು ಯಾವಾಗ?

ಕುಡಿಯಲಿಲ್ಲ. ಈ ಬರಹದಲ್ಲಿ ನಾನು ಕಟ್ಟಿದ್ದು ಅದೊಂದೇ. ನೀವು ಎಡಗೈಯ ಕಾವನ್ನು ಸುಳ್ಳು ಎಂದು ಗುರುತು ಹಾಕಿಕೊಂಡಿರುತ್ತೀರಿ — ಅದು ಖರೆ, ಇವತ್ತಿಗೂ ಈ ಕೈ ಬಲ್ಲದು. ಸುಳ್ಳು ಯಾವುದೆಂದರೆ, ನಾನು ಹೇಳಿದೆ ಎಂಬುದು. ನಾನು ಹೇಳಲಿಲ್ಲ. ಹೌದು ಎಂದು ತಲೆಯಾಡಿಸಿದೆನಲ್ಲ, ಅಲ್ಲಿಗೆ ನಿಂತೆ. ಆ ಕಪ್ಪಿನಲ್ಲಿ ಕಸ್ತೂರಿ ಇಲ್ಲ ಅಂದುಬಿಟ್ಟರೆ ಅವಳನ್ನು ಇನ್ನೊಮ್ಮೆ ಕಳೆದುಕೊಂಡ ಹಾಗೆ ಎಂದು ಅನಿಸಿತು, ಅದಕ್ಕೇ ಚಂಪಕ್ಕನನ್ನು ಹಾಗೇ ಬಿಟ್ಟೆ. ಇನ್ನೂ ಆರು ವರ್ಷ. ಬಶಿಯನ್ನು ಚೀಲದಿಂದ ಹೊರಗೆ ತೆಗೆಯಲೇ ಇಲ್ಲ. ನೀರು ಕೇಳಿದೆ. ಆ ಮನೆಯಲ್ಲಿ ಆಕೆ ಯಾರ ಕೈಗೂ ಪಾತ್ರೆ ಕೊಡುತ್ತಿರಲಿಲ್ಲ. ನೀರು ಸೋಸಿ ತಂದು ನನ್ನ ಎರಡು ಅಂಗೈಗೆ ಸುರಿದಳು. ಕುಡಿದೆ. ಬಸ್ಸಿನ ಹೊತ್ತಾಯಿತು ಅಂದೆ.

ಸುನಂದಾ ಅಂಕಲಿಯಲ್ಲೇ ಇದ್ದಾಳೆ. ಈ ಹಾಳೆಗಳಲ್ಲಿರುವುದನ್ನು ನಿಮಗಿಂತ ಮೊದಲು ಆಕೆ ಕೇಳಬೇಕು. ಆಕೆಯ ಮಕ್ಕಳು ಎದುರಿಗೆ ಇರಲಿ, ಓಣಿಯವರೂ ಇರಲಿ. ನಾನೇ ಓದಿ ಹೇಳುತ್ತೇನೆ. ನಡುವೆ ಯಾರಾದರೂ ನಕ್ಕರೂ ನಿಲ್ಲಿಸುವುದಿಲ್ಲ.